ಗೆರೆ ಸ್ವಲ್ಪ ವಾಲಿದೆ, ಪರವಾಗಿಲ್ಲ ಅಂದದ್ದು

ಬೋರ್ ಕೆಲಸ (ಸಿಲಿಂಡರ್ ಕೊರೆಸಿ ಹೊಸ ಪಿಸ್ಟನ್ ಹಾಕುವುದು) ಮುಗಿಸಿದ ಬೈಕು ಟ್ರಯಲ್‌ನಿಂದ ವಾಪಸ್ ಬಂತು. ಒಂದೇ ಕಿಕ್‌ಗೆ ಸ್ಟಾರ್ಟ್, ಹೊಗೆ ಇಲ್ಲ, ಐಡ್ಲಿಂಗೂ ನಿಲ್ಲುತ್ತೆ. ಆದರೆ ಅರ್ಧ ಆಕ್ಸಿಲರೇಟರ್ ದಾಟಿದರೆ ಎಳೆತವೇ ಇಲ್ಲ. ಕಾರ್ಬುರೇಟರ್ ಬಿಚ್ಚಿ ತೊಳೆದದ್ದಾಯಿತು, ಪ್ಲಗ್ ಬದಲಾಯಿಸಿದ್ದಾಯಿತು, ಫಿಲ್ಟರ್ ತೆಗೆದು ಓಡಿಸಿ ನೋಡಿದ್ದೂ ಆಯಿತು. ತಪ್ಪು ಇದ್ದದ್ದು ನಾನು ಕೂರಿಸಿದ ಟೈಮಿಂಗ್ ಚೈನಿನಲ್ಲಿ, ಅಂದರೆ ಪಿಸ್ಟನ್ ತಿರುಗಿಸುವ ಕ್ರ್ಯಾಂಕಿನಿಂದ ವಾಲ್ವ್ ತೆರೆಯುವ ಕ್ಯಾಮ್‌ಗೆ ತಿರುವು ಒಯ್ಯುವ ಚೈನಿನಲ್ಲಿ, ಒಂದೇ ಒಂದು ಹಲ್ಲು.

ಕ್ರ್ಯಾಂಕಿನ ತುದಿಯಲ್ಲಿ ಸುತ್ತುವ ಚಕ್ರವೇ ಮ್ಯಾಗ್ನೆಟ್. ಅದರ ಕವರಿನ ಸಣ್ಣ ಕಿಂಡಿಯಲ್ಲಿ ಗೆರೆ ನೋಡುತ್ತೇವಲ್ಲ, ಎಷ್ಟೋ ಎಂಜಿನ್‌ಗಳ ಮ್ಯಾಗ್ನೆಟ್ ಮೇಲೆ ಅಂಥವು ಎರಡಿರುತ್ತವೆ. ಎಂಜಿನ್ ತಿರುಗುವ ದಿಕ್ಕಿನಲ್ಲೇ ತಿರುಗಿಸಿದರೆ ಮೊದಲು ಎದುರಾಗುವುದು ‘ಎಫ್’, ಅದು ಕಿಡಿ ಹಾರುವ ಜಾಗ. ಅದರ ಹಿಂದೆಯೇ ‘ಟಿ’, ಪಿಸ್ಟನ್ ತುತ್ತತುದಿಗೆ ಬಂದ ಜಾಗ. ತುಕ್ಕು, ಆಯಿಲ್ ಮಸಿ ಮೆತ್ತಿಕೊಂಡಾಗ ಅಕ್ಷರ ಕಾಣುವುದಿಲ್ಲ, ಬರೀ ಗೆರೆ ಕಾಣುತ್ತೆ. ಬೇಕಿದ್ದದ್ದು ‘ಟಿ’, ನಾನು ಮೊದಲು ಸಿಕ್ಕ ಗೆರೆಗೆ, ಅಂದರೆ ‘ಎಫ್’ಗೆ ನಿಲ್ಲಿಸಿದೆ. ಪ್ಲಗ್ ತೂತಿಗೆ ಸ್ಟ್ರಾ ಇಳಿಬಿಟ್ಟೂ ನೋಡಿದ್ದೆ, ಪಿಸ್ಟನ್ ಮೇಲೇ ಇತ್ತು. ಇರಲೇಬೇಕು. 50 ಮಿ.ಮೀ. ಸ್ಟ್ರೋಕಿನ (ಪಿಸ್ಟನ್ ಮೇಲೆ ಕೆಳಗೆ ಓಡಾಡುವ ದೂರ) ಎಂಜಿನ್‌ನಲ್ಲಿ ತುದಿಗೆ 15 ಡಿಗ್ರಿ ಬಾಕಿ ಇರುವಾಗ ಪಿಸ್ಟನ್ ಕೆಳಗಿರುವುದು ಸುಮಾರು 1 ಮಿ.ಮೀ. ಅಷ್ಟೆ. ಸ್ಟ್ರಾಗೆ ಅದೆಲ್ಲಿ ಗೊತ್ತಾಗಬೇಕು?

ಆಮೇಲೆ ಕ್ಯಾಮ್ ಸ್ಪ್ರಾಕೆಟ್, ಅಂದರೆ ಚೈನ್ ಕೂರುವ ಹಲ್ಲಿನ ಚಕ್ರ, ಕೂರಿಸಲು ಹೋದರೆ ಅದರ ಗೆರೆ ಹೆಡ್ಡಿನ (ಎಂಜಿನ್ನಿನ ಮೇಲ್ಭಾಗ) ಅಂಚಿಗೆ ಸಮ ಬರುತ್ತಿಲ್ಲ. ಒಂದು ಹಲ್ಲು ಹಿಂದೆ ಹಾಕಿದರೆ ಚೆನ್ನಾಗಿಯೇ ವಾಲುತ್ತೆ. ಒಂದು ಹಲ್ಲು ಮುಂದೆ ಹಾಕಿದರೆ ಆ ಕಡೆಗೆ ಒಂಚೂರು ವಾಲುತ್ತೆ. ಚೈನ್ ಎತ್ತಿ ಇಳಿಸಿ, ಎತ್ತಿ ಇಳಿಸಿ ನಾಲ್ಕು ಸಲ ನೋಡಿದೆ. ಬೆನ್ನ ಹಿಂದೆ ಸೂಪರ್‌ವೈಸರ್: “ಏನಪ್ಪಾ, ಇನ್ನೂ ಹೆಡ್ಡೇ ಮುಚ್ಚಿಲ್ವಾ? ಡೆಲಿವರಿ ಆರು ಗಂಟೆಗೆ.” “ಆಯ್ತು ಸರ್, ಎರಡೇ ನಿಮಿಷ” ಅಂದೆ. ಕಮ್ಮಿ ವಾಲಿದ್ದೇ ಸರಿ ಅಂದುಕೊಂಡು ಬೋಲ್ಟ್ ಬಿಗಿದೆ.

ಲೆಕ್ಕ ಹಾಕಿದ್ದರೆ ಗೊತ್ತಾಗುತ್ತಿತ್ತು. ಸ್ಪ್ರಾಕೆಟ್‌ಗೆ 32 ಹಲ್ಲು ಅಂದರೆ ಒಂದು ಹಲ್ಲಿಗೆ ಕ್ಯಾಮ್ 11.25 ಡಿಗ್ರಿ, ಕ್ರ್ಯಾಂಕ್ ಲೆಕ್ಕದಲ್ಲಿ 22.5 ಡಿಗ್ರಿ; ಕ್ಯಾಮ್ ಒಂದು ಸುತ್ತಿಗೆ ಕ್ರ್ಯಾಂಕ್ ಎರಡು ಸುತ್ತು. ಕ್ರ್ಯಾಂಕ್ 15 ಡಿಗ್ರಿ ಹಿಂದೆ ನಿಂತಿದ್ದರೆ, ಸರಿಯಾದ ಹಲ್ಲಿನಲ್ಲಿ ಕ್ಯಾಮ್ ಗೆರೆ 7.5 ಡಿಗ್ರಿ ಹಿಂದೆ ಇರಬೇಕು. ಒಂದು ಹಲ್ಲು ತಪ್ಪಾಗಿ ಮುಂದೆ ಹಾಕಿದರೆ 3.75 ಡಿಗ್ರಿ ಮಾತ್ರ ಮುಂದೆ ಕಾಣುತ್ತೆ. ಕಣ್ಣಿಗೆ ಚೆಂದ ಕಂಡದ್ದೇ ತಪ್ಪು ಹಲ್ಲು. ಕಿಡಿ ಕ್ರ್ಯಾಂಕಿನ ಪಿಕಪ್ ಕಾಯಿಲ್ (ಕ್ರ್ಯಾಂಕ್ ಎಲ್ಲಿದೆ ಅಂತ ಗುರುತಿಸುವ ಸುರುಳಿ) ನೋಡಿ ಹಾರುವುದರಿಂದ ಅದು ಸರಿಯಾಗೇ ಇರುತ್ತೆ, ವಾಲ್ವ್‌ಗಳು ಮಾತ್ರ 22.5 ಡಿಗ್ರಿ ಮುಂಚೆ ತೆರೆದು ಮುಚ್ಚುತ್ತವೆ. ಅದಕ್ಕೇ ಸ್ಟಾರ್ಟಿಂಗ್ ಸುಖವಾಗಿತ್ತು, ಮೇಲಿನ ಎಳೆತ ಸತ್ತಿತ್ತು.

ಹಾಗಾಗಿ ಮನೆಯಲ್ಲಿ ಸ್ಪ್ಯಾನರ್, ಸ್ಕ್ರೂಡ್ರೈವರ್ ಇಟ್ಟುಕೊಂಡು ಕೂತವರಿಗೆ: ಕವರ್ ಬಿಚ್ಚಿದಾಗಲೇ ಮ್ಯಾಗ್ನೆಟ್ ಒರೆಸಿ ‘ಟಿ’ ಗೆರೆ ಮೇಲೆ ಬಿಳಿ ಪೇಂಟ್ ಹಚ್ಚಿಬಿಡಿ. ಗೆರೆ ಮ್ಯಾಗ್ನೆಟ್, ಸ್ಪ್ರಾಕೆಟ್ ಎರಡು ಕಡೆಯೂ ಕೂದಲೆಳೆ ಸಮ ಬರಬೇಕು. ವಾಲಿದರೆ ಹಲ್ಲು ಬದಲಿಸುವ ಮೊದಲು ಕ್ರ್ಯಾಂಕ್ ಎಲ್ಲಿ ನಿಂತಿದೆ ಅಂತ ಮತ್ತೆ ನೋಡಿ. ಟೆನ್ಷನರ್ (ಚೈನಿನ ಸಡಿಲ ಒತ್ತಿ ಹಿಡಿಯುವ ಭಾಗ) ಇಲ್ಲದ ಕಡೆಯ ಚೈನ್ ಬಿಗಿಯಾಗಿರಬೇಕು, ಸಡಿಲವೆಲ್ಲ ಟೆನ್ಷನರ್ ಕಡೆಗೇ ಬರಬೇಕು. ಟೆನ್ಷನರ್ ಕಡ್ಡಿಯನ್ನು ಪೂರ್ತಿ ಒಳಗೆ ಎಳೆದುಕೊಂಡೇ ಕೂರಿಸಿ, ಬೋಲ್ಟ್ ಬಿಗಿದ ಮೇಲೆ ಬಿಡಿ. ಹೊರಗೆ ಚಾಚಿದ ಕಡ್ಡಿಯನ್ನೇ ಬೋಲ್ಟ್ ಬಿಗಿದು ಒಳಗೆ ತಳ್ಳಿದರೆ ಚೈನ್ ತಂತಿಯ ಹಾಗೆ ಬಿಗಿದು ಗೈಡ್ (ಚೈನ್ ಜಾರುವ ಪಟ್ಟಿ) ತಿನ್ನುತ್ತೆ. ಕೊನೆಗೆ ಪ್ಲಗ್ ಬಿಚ್ಚಿಟ್ಟು, ಮ್ಯಾಗ್ನೆಟ್ ನಟ್‌ಗೆ ಸ್ಪ್ಯಾನರ್ ಹಾಕಿ, ಎಂಜಿನ್ ತಿರುಗುವ ದಿಕ್ಕಿನಲ್ಲೇ ಕೈಯಿಂದ ಎರಡು ಪೂರ್ತಿ ಸುತ್ತು. ಎಲ್ಲಾದರೂ ಗಟ್ಟಿಯಾಗಿ ತಡೆದರೆ ಅಲ್ಲೇ ನಿಲ್ಲಿಸಿ. ಕಿಕ್ ಹೊಡೆದು ‘ಬಿಡಿಸಲು’ ಹೋದರೆ ವಾಲ್ವ್ ಬಾಗುತ್ತೆ. ಎರಡು ಸುತ್ತಾದ ಮೇಲೆ ಗೆರೆ ಮತ್ತೆ ನೋಡಿ. ನಾನು ಬಿಟ್ಟದ್ದು ಇದೇ, ಎರಡು ನಿಮಿಷದ ಕೆಲಸ.

ಕೆಳಗಿನ ಕೆಲಸದಲ್ಲೂ ಕೈ ತಪ್ಪುವ ಜಾಗಗಳಿವೆ. ಪಿನ್ ಲಾಕ್ (ಪಿಸ್ಟನ್ ಪಿನ್ ಹೊರಗೆ ಜಾರದಂತೆ ತಡೆಯುವ ತಂತಿ ಬಳೆ) ಹಾಕುವ ಮೊದಲು ಕ್ರ್ಯಾಂಕ್‌ಕೇಸ್ ಬಾಯಿಗೆ ಬಟ್ಟೆ ತುರುಕಲೇಬೇಕು. ಲಾಕ್ ಟಿಣ್ ಅಂತ ಹಾರಿ ಒಳಗೆ ಬಿದ್ದರೆ ಸಂಜೆಯವರೆಗೆ ಆಯಸ್ಕಾಂತದ ಕಡ್ಡಿ ಆಡಿಸುತ್ತಾ ಕೂರಬೇಕು. ಹಳೇ ಲಾಕ್ ಮತ್ತೆ ಹಾಕಬೇಡಿ, ಹೊಸದರ ಬಾಯಿ ಪಿಸ್ಟನ್ನಿನ ಕಚ್ಚಿಗೆ ನೇರ ಬರಬಾರದು.

ರಿಂಗನ್ನು (ಪಿಸ್ಟನ್ ಸುತ್ತ ಕೂರುವ ಬಳೆ) ಪಿಸ್ಟನ್‌ಗೆ ಹಾಕುವ ಮೊದಲು ಬರೀ ಬ್ಲಾಕಿನೊಳಗೆ (ಸಿಲಿಂಡರ್) ಇಟ್ಟು, ಪಿಸ್ಟನ್ ತಲೆಯಿಂದ ಸಮವಾಗಿ ತಳ್ಳಿ, ತುದಿಗಳ ಸಂದನ್ನು ಫೀಲರ್ ಗೇಜಿನಲ್ಲಿ (ಸಂದು ಅಳೆಯುವ ತೆಳು ಪಟ್ಟಿಗಳು) ನೋಡಿ. ಸಂದೇ ಇಲ್ಲದಿದ್ದರೆ ಕಾದಾಗ ತುದಿಗಳು ಒಂದಕ್ಕೊಂದು ಒತ್ತಿ ಬೋರ್ ಗೀರುತ್ತೆ. ಅಕ್ಷರ ಇರುವ ಮೈ ಮೇಲಕ್ಕೆ, ಬಾಯಿಗಳು 120 ಡಿಗ್ರಿ ದೂರ ದೂರ. ಆಯಿಲ್ ರಿಂಗಿನ ಸುಕ್ಕು ಪಟ್ಟಿಯ ತುದಿಗಳು ಒಂದಕ್ಕೊಂದು ತಾಗಿ ನಿಲ್ಲಬೇಕು, ಒಂದರ ಮೇಲೊಂದು ಏರಬಾರದು. ಏರಿದ್ದು ಕಾಣಿಸುವುದಿಲ್ಲ, ವಾರದ ಮೇಲೆ ಆಯಿಲ್ ಸುಟ್ಟು ನೀಲಿ ಬೆರೆತ ಬಿಳಿ ಹೊಗೆ ಬಂದಾಗ ಗೊತ್ತಾಗುತ್ತೆ. ಬ್ಲಾಕ್ ಇಳಿಸುವಾಗ ಪಿಸ್ಟನ್ ಕೆಳಗೆ ಒಂದೇ ದಪ್ಪದ ಎರಡು ಮರದ ಪಟ್ಟಿ ಕೊಟ್ಟು, ರಿಂಗ್ ಬೆರಳಿನಲ್ಲೇ ಒತ್ತಿ. ಟೈಮಿಂಗ್ ಚೈನ್‌ಗೆ ತಂತಿ ಕಟ್ಟಿ ಮೇಲೆ ಎಳೆದಿಟ್ಟಿರಿ. ಬ್ಲಾಕ್ ತಡೆದರೆ ಸುತ್ತಿಗೆ ಮುಟ್ಟಬೇಡಿ, ರಿಂಗ್ ಹೊರಗೆ ಇಣುಕಿರುತ್ತೆ. ಬ್ಲಾಕಿನ ಕೆಳಗಿನ, ಮೇಲಿನ ಪ್ಯಾಕಿಂಗ್ ಎರಡೂ ಹೊಸದು. ಟ್ರೇಯಲ್ಲಿ ಡೋವೆಲ್ ಪಿನ್ (ಭಾಗಗಳನ್ನು ನೇರ ಕೂರಿಸುವ ಪಿನ್) ಒಂದು ಉಳಿದರೆ ಅದು ‘ಎಕ್ಸ್‌ಟ್ರಾ’ ಅಲ್ಲ, ಮತ್ತೆ ಬಿಚ್ಚಿ.

ಹೆಡ್ ನಟ್‌ಗಳನ್ನು ಎದುರು ಬದುರು, ಮೂರು ಸಲಕ್ಕೆ ಬಿಗಿಯಿರಿ. ಟಾರ್ಕ್ ರೆಂಚ್ (ಬಿಗಿತ ಅಳೆಯುವ ಸ್ಪ್ಯಾನರ್) ಇಲ್ಲವೆಂದರೆ ಕೊಕ್ಕೆ ತಕ್ಕಡಿ ಸಾಕು. ಮ್ಯಾನ್ಯುಯಲ್‌ನಲ್ಲಿ 20 ನ್ಯೂಟನ್ ಮೀಟರ್ ಅಂತಿದ್ದರೆ ಅದು ಹೆಚ್ಚುಕಡಿಮೆ 2 ಕೆ.ಜಿ. ಮೀಟರ್. ನಟ್ಟಿನ ನಡುವಿನಿಂದ 20 ಸೆಂ.ಮೀ. ದೂರದಲ್ಲಿ ಸ್ಪ್ಯಾನರ್‌ಗೆ ಕೊಕ್ಕೆ ಸಿಕ್ಕಿಸಿ, ಸ್ಪ್ಯಾನರ್‌ಗೆ 90 ಡಿಗ್ರಿಯಲ್ಲಿ ಎಳೆದಾಗ 10 ಕೆ.ಜಿ. ತೋರಿಸಿದರೆ ಮುಗಿಯಿತು. ‘ಕೈಯಂದಾಜು’ ಅನ್ನುವವರ ಕೈಯಲ್ಲೇ 6 ಮಿ.ಮೀ. ಬೋಲ್ಟ್‌ಗಳು ಮುರಿಯುವುದು.

ಟ್ಯಾಪೆಟ್, ಅಂದರೆ ವಾಲ್ವ್‌ಗೂ ಅದನ್ನು ಒತ್ತುವ ರಾಕರ್‌ಗೂ ನಡುವಿನ ಸಂದು, ಹೊಂದಿಸುವುದು ಎಂಜಿನ್ ತಣ್ಣಗಿದ್ದಾಗಲೇ. ‘ಟಿ’ಗೆ ನಿಲ್ಲಿಸಿ, ಎರಡೂ ರಾಕರ್ ಅಲ್ಲಾಡಬೇಕು. ಅಲ್ಲಾಡದಿದ್ದರೆ ಇನ್ನೊಂದು ಸುತ್ತು. ಸಂದು ಮ್ಯಾನ್ಯುಯಲ್ ಹೇಳಿದಷ್ಟು; ಸಣ್ಣ ಎಂಜಿನ್‌ಗಳಲ್ಲಿ 0.05ರಿಂದ 0.10 ಮಿ.ಮೀ. ಸಾಮಾನ್ಯ. ಲಾಕ್ ನಟ್ ಬಿಗಿದ ಮೇಲೆ ಮತ್ತೊಮ್ಮೆ ಅಳೆಯಿರಿ, ಬಿಗಿಯುವಾಗ ಅದು ಸರಿಯುತ್ತೆ.

ಅವತ್ತಿನ ಡೆಲಿವರಿ ಆದದ್ದು ಮರುದಿನ. ಜಾಬ್ ಕಾರ್ಡಿನಲ್ಲಿ ‘ಕಾರ್ಬುರೇಟರ್ ತೊಂದರೆ’ ಅಂತ ಬರೆಸಿದರು. ಶಾಪಿನ ಟಾರ್ಕ್ ರೆಂಚ್ ಈಗಲೂ ಬೀರುವಿನಲ್ಲಿದೆ, ಬೀಗದ ಕೈ ಮ್ಯಾನೇಜರ್ ಹತ್ತಿರ. ಕೊಕ್ಕೆ ತಕ್ಕಡಿ ಮಾತ್ರ ನನ್ನ ಟೂಲ್ ಬಾಕ್ಸಿನಲ್ಲಿದೆ, ಪಕ್ಕದಲ್ಲಿ ಬಿಳಿ ಪೇಂಟಿನ ಸೀಸೆ.