ಮೊದಲ ಅಂಕಣದಲ್ಲೇ ಇದ್ದ ಗೆರೆ

ತೈಲಬಾವಿಗಳ ಲಾಗ್, ಅಂದರೆ ಬಾವಿಯ ಉದ್ದಕ್ಕೂ ತೆಗೆದ ಅಳತೆಗಳ ಗೆರೆಚಿತ್ರ, ಓದುವುದು ನನ್ನ ಕೆಲಸ. ಊರು ತೀರ್ಥಹಳ್ಳಿಯ ಹತ್ತಿರ. ನಮ್ಮ ಮಲೆನಾಡಿನ ಅಡಿಯಲ್ಲಿರುವುದು 250 ಕೋಟಿ ವರ್ಷಕ್ಕೂ ಹಳೆಯ ಗಟ್ಟಿ ಕಲ್ಲು, ಅಲ್ಲಿ ಎಣ್ಣೆಯ ಮಾತೇ ಇಲ್ಲ. ನಾನು ನೋಡುವ ಬಾವಿಗಳು ಆಂಧ್ರದ ಕೃಷ್ಣಾ–ಗೋದಾವರಿ ಬೇಸಿನ್‌ನವು. ಆದರೂ ನನ್ನ ವೃತ್ತಿಯ ಅತಿ ದೊಡ್ಡ ತಪ್ಪು ಎಲ್ಲಿತ್ತೆಂದು ತಿಳಿದದ್ದು ಚಿಕ್ಕಪ್ಪನ ಅಡಿಕೆ ತೋಟದಲ್ಲಿ.

ಬಾವಿ ಕೊರೆದ ಮೇಲೆ ಕೇಬಲ್ಲಿನ ತುದಿಗೆ ಉಪಕರಣ ಕಟ್ಟಿ ತಳಕ್ಕಿಳಿಸುತ್ತಾರೆ. ಮೇಲೆಳೆಯುತ್ತ ಹೋದಂತೆ ಗಾಮಾ ರೇ (ಕಲ್ಲಿನ ಸಹಜ ವಿಕಿರಣ), ರೆಸಿಸ್ಟಿವಿಟಿ (ವಿದ್ಯುತ್ತಿಗೆ ಒಡ್ಡುವ ತಡೆ; ಉಪ್ಪುನೀರಿದ್ದರೆ ಕಡಿಮೆ, ಎಣ್ಣೆಯಿದ್ದರೆ ಹೆಚ್ಚು), ಡೆನ್ಸಿಟಿ (ಸಾಂದ್ರತೆ), ನ್ಯೂಟ್ರಾನ್, ಸೋನಿಕ್ (ಶಬ್ದ ಕಲ್ಲನ್ನು ದಾಟುವ ಸಮಯ) ಗೆರೆಗಳು ಮೂಡುತ್ತವೆ. ಆ ಬಾವಿಯ ಒಂದು ಮರಳುಗಲ್ಲಿನ ಪದರದಲ್ಲಿ ರೆಸಿಸ್ಟಿವಿಟಿ 20 ಓಮ್-ಮೀಟರ್, ಡೆನ್ಸಿಟಿ 2.24. ಮರಳುಗಲ್ಲಿನ ಕಣದ ಸಾಂದ್ರತೆ 2.65 ಎಂದು ಹಿಡಿದರೆ ಸರಂಧ್ರತೆ, ಅಂದರೆ ಕಲ್ಲಿನಲ್ಲಿ ರಂಧ್ರಗಳ ಪಾಲು, ಶೇ. 25 ಬರುತ್ತದೆ. ನ್ಯೂಟ್ರಾನ್ ಗೆರೆಯೂ ಹೆಚ್ಚು ಸರಂಧ್ರತೆಯನ್ನೇ ತೋರಿಸಿತು. ರಂಧ್ರಗಳಲ್ಲಿ ನೀರೆಷ್ಟು ಎಂದು ಲೆಕ್ಕ ಹಾಕಲು 1942ರಿಂದ ನಮ್ಮವರೆಲ್ಲ ಬಳಸುತ್ತಿರುವ ಆರ್ಚಿ ಸೂತ್ರಕ್ಕೆ ಹಾಕಿದೆ, ಅಲ್ಲಿಯ ನೀರಿನ ರೆಸಿಸ್ಟಿವಿಟಿ 0.1 ಎಂದಿಟ್ಟುಕೊಂಡು. ರಂಧ್ರಗಳಲ್ಲಿ ನೀರು ಶೇ. 28 ಮಾತ್ರ, ಉಳಿದದ್ದು ಎಣ್ಣೆ ಎಂದು ಉತ್ತರ ಬಂತು. ಇದನ್ನು ಪರೀಕ್ಷಿಸಿ ಎಂದು ಧೈರ್ಯವಾಗಿ ಬರೆದು ಕಳಿಸಿದೆ.

ಬಾವಿಗೆ ಇಳಿಸಿದ ಕೇಸಿಂಗ್ ಪೈಪನ್ನು ಆ ಪದರದಲ್ಲಿ ತೂತು ಮಾಡಿ ನೋಡಿದರು. ಒಂದಷ್ಟು ನೀರು ಬಿಟ್ಟು ಏನೂ ಬರಲಿಲ್ಲ.

ಎರಡು ವಾರ ನಾನು ಸೂತ್ರವನ್ನೇ ಅನುಮಾನಿಸಿದೆ. ನೀರಿನ ಉಪ್ಪಿನಂಶ ತಪ್ಪಿರಬಹುದು, ಘಾತಾಂಕ 2 ಬದಲು ಬೇರೇನೋ ಇರಬಹುದು ಎಂದು ಲೆಕ್ಕದ ಮೇಲೆ ಲೆಕ್ಕ. ಏನು ಬದಲಿಸಿದರೂ ಎಣ್ಣೆ ಇದೆ ಎಂದೇ ಬರುತ್ತಿತ್ತು.

ಏಪ್ರಿಲ್‌ನಲ್ಲಿ ರಜೆಗೆ ಊರಿಗೆ ಬಂದಾಗ ಚಿಕ್ಕಪ್ಪನ ಕೊಳವೆಬಾವಿಯ ಮೋಟಾರು ಸಿಕ್ಕಿಕೊಂಡು ಮೇಲೇಳದೆ ನಿಂತಿತ್ತು. ಶಿವಮೊಗ್ಗದಿಂದ ಕ್ಯಾಮೆರಾದವರನ್ನು ಕರೆಸಿದ್ದರು. ಪರದೆಯ ಮೇಲೆ ಕೇಸಿಂಗ್ ಪೈಪು ನುಣ್ಣಗೆ ಇಳಿಯುತ್ತ ಹೋಗಿ ಮುಗಿಯಿತು. ಅದರ ಕೆಳಗೆ ಗೋಡೆ ಒಂದು ಕಡೆ ಕುಸಿದು ಗುಹೆಯಂತೆ ಬಾಯಿ ತೆರೆದಿತ್ತು. ಅಲ್ಲಿಂದ ಬಿದ್ದ ಕಲ್ಲು ಮೋಟಾರಿನ ತಲೆಯ ಮೇಲೆ ಕೂತಿತ್ತು. “ಇನ್ನೆರಡು ಪೈಪು ಇಳಿಸಬೇಕಿತ್ತು ಮಾರಾಯ, ದುಡ್ಡು ಉಳಿಸಲು ಹೋದೆ” ಎಂದು ಚಿಕ್ಕಪ್ಪ ತಲೆ ಮೇಲೆ ಕೈ ಹೊತ್ತರು. ಅಷ್ಟು ವರ್ಷ ಬಾವಿಗಳ ಬಗ್ಗೆ ಬರೆದವನು ಕುಸಿದ ಗೋಡೆಯನ್ನು ಕಣ್ಣಾರೆ ಕಂಡದ್ದು ಅದೇ ಮೊದಲು. ನನಗೆ ಅಲ್ಲಿ ನಿಲ್ಲಲಾಗಲಿಲ್ಲ.

ಮನೆಗೆ ಬಂದು ಲ್ಯಾಪ್‌ಟಾಪ್ ತೆರೆದೆ. ಲಾಗ್‌ನ ಮೊದಲ ಅಂಕಣದಲ್ಲಿ, ಗಾಮಾ ರೇ ಪಕ್ಕದಲ್ಲೇ, ಕ್ಯಾಲಿಪರ್ ಗೆರೆ ಇತ್ತು. ಬಾವಿಯ ಅಗಲ ಅಳೆಯುವ ಗೆರೆ ಅದು. ಬಾವಿ ಕೊರೆದ ಬಿಟ್ಟಿನ ಅಳತೆ 8.5 ಇಂಚು, ಆ ಪದರದಲ್ಲಿ ಬಾವಿ 13 ಇಂಚು! ಡೆನ್ಸಿಟಿ ಉಪಕರಣ ತನ್ನ ಪ್ಯಾಡನ್ನು ಗೋಡೆಗೆ ಒತ್ತಿ ಅಳೆಯುತ್ತದೆ. ಗೋಡೆ ಕುಸಿದು ಹಿಂದೆ ಸರಿದಿದ್ದರೆ ನಡುವೆ ತುಂಬಿಕೊಂಡ ಕೆಸರುದ್ರವ, ನಾವು ಮಡ್ ಎನ್ನುವುದು, ಕಲ್ಲಿನ ಜೊತೆ ಸೇರಿ ಅಳತೆಗೆ ಬರುತ್ತದೆ, ಸಾಂದ್ರತೆ ಇಳಿಯುತ್ತದೆ. ನ್ಯೂಟ್ರಾನ್ ಸ್ಪಂದಿಸುವುದು ಹೈಡ್ರೋಜನ್‌ಗೆ, ಅದು ಮಡ್‌ನಲ್ಲಿ ಹೇರಳ. ಎರಡು ಸಾಕ್ಷಿಗಳು ಒಂದೇ ಮಾತು ಹೇಳಿದವೆಂದು ನಾನು ನಂಬಿದ್ದೆ. ಎರಡನ್ನೂ ದಾರಿ ತಪ್ಪಿಸಿದ್ದು ಒಂದೇ ಪೊಳ್ಳು. ನಡುವಿನ ಮಡ್‌ಗಾಗಿ ಅಳತೆಯನ್ನು ಎಷ್ಟು ತಿದ್ದಿದೆ ಎಂದು ತೋರಿಸುವ ಡೆನ್ಸಿಟಿಯ ತಿದ್ದುಪಡಿ ಗೆರೆಯೂ ಅಲ್ಲಿ ಎದ್ದು ನಿಂತಿತ್ತು, ಅದನ್ನೂ ನಾನು ದಾಟಿ ಹೋಗಿದ್ದೆ.

ಸೋನಿಕ್ ಗೆರೆ ಬಾವಿಯ ಅಗಲಕ್ಕೆ ಅಷ್ಟು ಬೇಗ ಮೋಸ ಹೋಗುವುದಿಲ್ಲ. ಅದು ಅಡಿಗೆ 66 ಮೈಕ್ರೋಸೆಕೆಂಡ್ ತೋರಿಸುತ್ತಿತ್ತು, ಅಂದರೆ ಸರಂಧ್ರತೆ ಶೇ. 8. ಅದೇ ಸೂತ್ರ, ಅದೇ 20 ಓಮ್-ಮೀಟರ್; ನೀರು ಶೇ. 88. ರೆಸಿಸ್ಟಿವಿಟಿ ಏರಿದ್ದು ಎಣ್ಣೆಯಿಂದಲ್ಲ, ಕಲ್ಲು ಬಿಗಿಯಾಗಿದ್ದುದರಿಂದ.

ಮರುದಿನವೇ ಹಿರಿಯರಿಗೆ ಫೋನ್ ಮಾಡಿ ತಪ್ಪು ನನ್ನದೆಂದು ಹೇಳಿ, ತಿದ್ದಿದ ವರದಿ ಕಳಿಸಿದೆ. ಅವರು ಬೈಯಲಿಲ್ಲ, ಬೈದಿದ್ದರೆ ಒಳ್ಳೆಯದಿತ್ತು ಅನ್ನಿಸಿತು.

ಈಗ ಹೊಸ ಲಾಗ್ ಬಂದಾಗ ಉಳಿದ ಅಂಕಣಗಳನ್ನು ಕಾಗದದಿಂದ ಮುಚ್ಚಿಡುತ್ತೇನೆ. ಕ್ಯಾಲಿಪರ್ ಬಿಟ್ಟಿಗಿಂತ ಎರಡು ಇಂಚು ಮೀರಿದ ಕಡೆಯೆಲ್ಲ ಪೆನ್ಸಿಲ್ಲಿನಿಂದ ಗುರುತು ಹಾಕಿದ ಮೇಲೆಯೇ ಕಾಗದ ತೆಗೆಯುವುದು. ಜೊತೆಗೆ ಕೆಲಸ ಮಾಡುವ ಹೊಸ ಹುಡುಗರಿಗೂ ಪೆನ್ಸಿಲ್ ಕೊಟ್ಟು ಮೊದಲು ಇದನ್ನೇ ಮಾಡಿಸುತ್ತೇನೆ.