ದಿನಚರಿ: ಸಣ್ಣ ಶಾಲೆಯ ಪ್ರಶ್ನೆಗೆ ಹೊರದೇಶದ ಆಕರ ಹುಡುಕುವಾಗ

ಶಿರಸಿ, 24 ಜೂನ್ 2025, ಮಂಗಳವಾರ

ಎಂ.ಎಡ್. ವಿದ್ಯಾರ್ಥಿಗಳು ಲಘುಪ್ರಬಂಧಕ್ಕೆ ವಿಷಯ ಹುಡುಕುವಾಗ, ಹೊರದೇಶದ ಶಿಕ್ಷಣ ಎಂದ ಕೂಡಲೇ ಫಿನ್‌ಲ್ಯಾಂಡಿನ ಹೆಸರು ಬರುತ್ತದೆ. ನಾಲ್ಕು ವಿಡಿಯೊ, ಎರಡು ಪತ್ರಿಕಾ ಲೇಖನ ಸೇರಿ ಒಂದು ಅಧ್ಯಾಯ ಆಗಿಬಿಡುತ್ತದೆ. ಅದರಿಂದ ಇಲ್ಲಿಯ ಯಾವ ಶಾಲೆಗೂ ಉಪಯೋಗವಿಲ್ಲ. ಪ್ರಶ್ನೆ ನಮ್ಮ ಕಡೆಯಿಂದ ಹುಟ್ಟಬೇಕು. ಜೋಯಿಡಾ, ಯಲ್ಲಾಪುರ, ಸಿದ್ದಾಪುರದ ಕಾಡಿನೊಳಗಿನ ಮಜರೆಗಳಲ್ಲಿ ಒಬ್ಬರೇ ಮಾಸ್ತರು ಅಥವಾ ಅಕ್ಕೋರು ಒಂದರಿಂದ ಐದನೇ ತರಗತಿಯವರೆಗಿನ ಮಕ್ಕಳನ್ನು ಒಟ್ಟಿಗೆ ಕೂರಿಸಿ ಕಲಿಸುವ ಶಾಲೆಗಳಿವೆ. ಇಂಥ ಶಾಲೆ ಕೊಲಂಬಿಯಾದ ಗುಡ್ಡಗಾಡಿನಲ್ಲಿದೆ, ವಿಯೆಟ್ನಾಮಿನಲ್ಲಿದೆ, ಜಪಾನಿನ ಹೊಕ್ಕೈಡೋದಲ್ಲೂ ಇದೆ. ಅಲ್ಲಿ ಏನು ಮಾಡಿದರು ಎಂದು ಹುಡುಕಲು ಹೊರಟರೆ ಆಕರಗಳಿಗೆ ಬರವಿಲ್ಲ. ಯಾವುದನ್ನು ಮೊದಲು ತೆರೆಯಬೇಕು ಎಂಬುದೊಂದೇ ಪ್ರಶ್ನೆ.

ಅಂಕಿಅಂಶವನ್ನು ಮೊದಲು ತೆರೆಯಬೇಡಿ. ಮೊದಲು ಬೇಕಾದದ್ದು ಆ ದೇಶದ ತರಗತಿ ಮತ್ತು ವಯಸ್ಸಿನ ಲೆಕ್ಕ. ಯುನೆಸ್ಕೋದ ಐಸ್ಕೆಡ್ ವರ್ಗೀಕರಣ ಎಲ್ಲ ದೇಶಗಳ ಶಿಕ್ಷಣವನ್ನು 0ರಿಂದ 8ರವರೆಗಿನ ಹಂತಗಳಲ್ಲಿ ಕೂರಿಸುತ್ತದೆ: 0 ಪೂರ್ವ ಪ್ರಾಥಮಿಕ, 1 ಪ್ರಾಥಮಿಕ, 2 ಮತ್ತು 3 ಮಾಧ್ಯಮಿಕದ ಕೆಳ ಹಾಗೂ ಮೇಲಿನ ಹಂತ, 8 ಡಾಕ್ಟರೇಟ್. ಈಗ ಬಳಕೆಯಲ್ಲಿರುವುದು 2011ರ ಆವೃತ್ತಿ. ಪ್ರತಿ ದೇಶದ ಯಾವ ತರಗತಿ ಯಾವ ಹಂತಕ್ಕೆ ಸೇರುತ್ತದೆ ಎಂಬ ಹೊಂದಾಣಿಕೆ ಪಟ್ಟಿ ಮಾಂಟ್ರಿಯಲ್‌ನಲ್ಲಿರುವ ಯುನೆಸ್ಕೋ ಅಂಕಿಅಂಶ ಸಂಸ್ಥೆಯ ತಾಣದಲ್ಲಿ ಸಿಗುತ್ತದೆ. ಭಾರತದ ಪಟ್ಟಿಯಲ್ಲಿ 1ರಿಂದ 5 ಪ್ರಾಥಮಿಕ, 6ರಿಂದ 8 ಕೆಳ ಮಾಧ್ಯಮಿಕ, 9ರಿಂದ 12 ಮೇಲಿನ ಮಾಧ್ಯಮಿಕ. ಆದರೆ ನಮ್ಮ ಹಿರಿಯ ಪ್ರಾಥಮಿಕ ಶಾಲೆಯಲ್ಲಿ 7ನೇ ತರಗತಿಯೂ ಇದೆ, ಪ್ರೌಢಶಾಲೆ 8ಕ್ಕೇ ಶುರುವಾಗುತ್ತದೆ. ‘ಪ್ರಾಥಮಿಕ’ ಎಂದು ಊರಲ್ಲಿ ಎಣಿಸಿ ತಂದ ಮಕ್ಕಳ ಸಂಖ್ಯೆಯನ್ನು ಯುನೆಸ್ಕೋದ ‘ಪ್ರಾಥಮಿಕ’ದ ಪಕ್ಕ ಇಟ್ಟರೆ ಎರಡು ತರಗತಿಯ ಮಕ್ಕಳು ಹೆಚ್ಚುವರಿಯಾಗಿ ಸೇರಿಕೊಂಡಿರುತ್ತಾರೆ. ಜರ್ಮನಿಯಲ್ಲಿ ಇದೇ ತೊಡಕು ಇನ್ನೊಂದು ರೂಪದಲ್ಲಿದೆ. ಹೆಚ್ಚಿನ ರಾಜ್ಯಗಳಲ್ಲಿ ಪ್ರಾಥಮಿಕ ಶಾಲೆ ನಾಲ್ಕು ವರ್ಷ, ಬರ್ಲಿನ್ ಮತ್ತು ಬ್ರಾಂಡೆನ್‌ಬುರ್ಗ್‌ನಲ್ಲಿ ಆರು. ಕೆನಡಾದಲ್ಲಿ ಶಾಲಾ ಶಿಕ್ಷಣ ಪ್ರಾಂತ್ಯಗಳ ಕೈಯಲ್ಲಿದೆ, ಕೇಂದ್ರದಲ್ಲಿ ಶಿಕ್ಷಣ ಸಚಿವಾಲಯವೇ ಇಲ್ಲ. ‘ಕೆನಡಾದ ಪಠ್ಯಕ್ರಮ’ ಎಂದು ಬರೆಯುವ ಮುಂಚೆ ಇದು ಗೊತ್ತಿರಬೇಕು.

ಶಿಕ್ಷಣ ವ್ಯವಸ್ಥೆಯ ರಚನೆ ತಿಳಿಯಲು ಯುರೋಪಿಗೆ ಯೂರಿಡಿಸ್ (Eurydice) ಎಂಬ ಮಾಹಿತಿ ಜಾಲ ಬಹಳ ಒಳ್ಳೆಯದು. ಪ್ರತಿ ದೇಶಕ್ಕೂ ಒಂದೇ ಅಧ್ಯಾಯ ಕ್ರಮ ಇರುವುದರಿಂದ ಎರಡು ದೇಶಗಳನ್ನು ಪಕ್ಕಪಕ್ಕ ತೆರೆದು ಓದಬಹುದು. ಉಳಿದ ದೇಶಗಳು ಟಿಮ್ಸ್ (ಗಣಿತ, ವಿಜ್ಞಾನ) ಅಥವಾ ಪರ್ಲ್ಸ್ (ಓದು) ಎಂಬ ಅಂತರರಾಷ್ಟ್ರೀಯ ಪರೀಕ್ಷೆಗಳಲ್ಲಿ ಭಾಗವಹಿಸಿದ್ದರೆ, ಅವುಗಳ ಜೊತೆ ಬರುವ ವಿಶ್ವಕೋಶದಲ್ಲಿ ಆಯಾ ದೇಶದವರೇ ಬರೆದ ಅಧ್ಯಾಯ ಸಿಗುತ್ತದೆ. ಸರ್ಕಾರಗಳ ಮೂಲ ಯೋಜನಾ ಕಡತ ಬೇಕಿದ್ದರೆ ಪ್ಯಾರಿಸ್ಸಿನ ಶೈಕ್ಷಣಿಕ ಯೋಜನಾ ಸಂಸ್ಥೆ ನಡೆಸುವ ಪ್ಲಾನಿಪೊಲಿಸ್ ನೋಡಿ. ಅಲ್ಲಿರುವುದು ಸರ್ಕಾರ ಮಾಡುತ್ತೇವೆ ಎಂದದ್ದು, ಮಾಡಿದ್ದಲ್ಲ. ಉಲ್ಲೇಖಿಸುವಾಗ ಆ ವ್ಯತ್ಯಾಸ ವಾಕ್ಯದಲ್ಲೇ ಕಾಣಬೇಕು.

ಈಗ ಅಂಕಿಗಳು. ಹೆಚ್ಚಾಗಿ ಶ್ರೀಮಂತ ದೇಶಗಳ ಕೂಟವಾದ ಒಇಸಿಡಿಯ ವಾರ್ಷಿಕ ಅಂಕಿಅಂಶ ಸಂಪುಟ ‘ಎಜುಕೇಶನ್ ಅಟ್ ಎ ಗ್ಲಾನ್ಸ್’ನ ಕೋಷ್ಟಕ ತೆರೆದರೆ ಒಂದೇ ಸಾಲಿನಲ್ಲಿ ಸಂಖ್ಯೆಗಳ ನಡುವೆ ಇಂಗ್ಲಿಷಿನ ಅಕ್ಷರಗಳು ಕಾಣುತ್ತವೆ. ‘ಎಂ’ ಇದ್ದರೆ ಮಾಹಿತಿ ಸಿಕ್ಕಿಲ್ಲ. ‘ಎ’ ಇದ್ದರೆ ಆ ದೇಶದಲ್ಲಿ ಅಂಥ ವರ್ಗವೇ ಇಲ್ಲ. ‘ಎಕ್ಸ್’ ಪಕ್ಕದ ಕಂಸದಲ್ಲಿ 3 ಇದ್ದರೆ ಈ ಮನೆಯ ಸಂಖ್ಯೆಯನ್ನು ಮೂರನೇ ಕಾಲಂನಲ್ಲಿ ಸೇರಿಸಿದ್ದಾರೆ ಎಂದರ್ಥ. ಎಕ್ಸೆಲ್‌ಗೆ ಇಳಿಸಿಕೊಂಡು ಇವೆಲ್ಲಕ್ಕೂ ಸೊನ್ನೆ ತುಂಬುವುದು ಅತಿ ಸಾಮಾನ್ಯ ತಪ್ಪು. ಸೊನ್ನೆ ಸೇರಿದೊಡನೆ ಸರಾಸರಿ ಕುಸಿಯುತ್ತದೆ, ಮಾಹಿತಿ ಕೊಡದ ದೇಶ ಏನೂ ಖರ್ಚು ಮಾಡದ ದೇಶವಾಗಿ ಕಾಣುತ್ತದೆ. ‘ಎಕ್ಸ್’ ಇರುವ ಸಾಲಿನಲ್ಲಿ ಮೂರನೇ ಕಾಲಂ ಎರಡು ವರ್ಗಗಳ ಮೊತ್ತ, ಹಾಗಾಗಿ ಆ ದೇಶವನ್ನು ಆ ಎರಡೂ ಕಾಲಂಗಳ ಹೋಲಿಕೆಯಿಂದ ಬಿಡಬೇಕು. ವರ್ಷದ ವಿಚಾರವೂ ಹಾಗೆಯೇ. 2024ರ ಸಂಪುಟದ ದಾಖಲಾತಿ ಅಂಕಿ ಬಹುತೇಕ 2022ರದ್ದು, ಹಣಕಾಸಿನದ್ದು 2021ರದ್ದು. ಯುನೆಸ್ಕೋ ಶೈಕ್ಷಣಿಕ ವರ್ಷವನ್ನು ಅದು ಮುಗಿಯುವ ವರ್ಷದಿಂದ ಕರೆಯುತ್ತದೆ, ಅಂದರೆ ನಮ್ಮ 2023-24 ಅಲ್ಲಿ 2024. ಒಟ್ಟು ದಾಖಲಾತಿ ಪ್ರಮಾಣ 100 ದಾಟಿದ್ದು ಕಂಡರೆ ಗಾಬರಿ ಬೇಡ. ವಯಸ್ಸು ಮೀರಿದ ಮಕ್ಕಳು, ಅದೇ ತರಗತಿಯಲ್ಲಿ ಉಳಿದವರು ಅಂಶದಲ್ಲಿರುತ್ತಾರೆ, ಛೇದದಲ್ಲಿ ನಿಗದಿತ ವಯೋಮಾನದವರು ಮಾತ್ರ.

ವಿಶ್ವಬ್ಯಾಂಕಿನ ತಾಣದಿಂದ ಸಿಎಸ್‌ವಿ (ಎಕ್ಸೆಲ್‌ನಲ್ಲಿ ತೆರೆಯುವ ಸರಳ ಕೋಷ್ಟಕ ಕಡತ) ಇಳಿಸಿದರೆ ಜಿಪ್‌ನೊಳಗೆ ಮೂರು ಕಡತ ಬರುತ್ತವೆ. ಅಂಕಿಯ ಕಡತದಲ್ಲಿ ಮೊದಲ ನಾಲ್ಕು ಸಾಲು ಬಿಟ್ಟು ಐದನೆಯದು ಶೀರ್ಷಿಕೆ. ಉಳಿದ ಎರಡನ್ನು ಅಳಿಸಬೇಡಿ, ಸೂಚ್ಯಂಕದ ವ್ಯಾಖ್ಯೆ ಇರುವುದು ಅವುಗಳಲ್ಲೇ. ಈ ಮಳೆಗಾಲದಲ್ಲಿ ಘಟ್ಟದ ಮೇಲೆ ಕರೆಂಟ್ ಹೋದರೆ ಟವರ್ ಕೂಡ ಹೋಗುತ್ತದೆ. ತೆರೆಯ ಮೇಲಿನ ನಕ್ಷೆ, ಗ್ರಾಫ್ ನೆಚ್ಚಿಕೊಳ್ಳದೆ ಪಿಡಿಎಫ್ ಮತ್ತು ಸಿಎಸ್‌ವಿ ಇಳಿಸಿಟ್ಟು, ಕಡತದ ಹೆಸರಿನಲ್ಲೇ ದೇಶ, ಕೋಷ್ಟಕ ಸಂಖ್ಯೆ, ಇಳಿಸಿದ ದಿನಾಂಕ ಬರೆಯಿರಿ.

ಪೀಸಾ ಅಂಕಗಳ ಬಗ್ಗೆ ಇಷ್ಟು. ಅದು ಒಇಸಿಡಿ ಹಲವು ದೇಶಗಳಲ್ಲಿ ನಡೆಸುವ 15 ವರ್ಷದವರ ಪರೀಕ್ಷೆ. ಭಾರತದಿಂದ ಹಿಮಾಚಲ ಪ್ರದೇಶ ಮತ್ತು ತಮಿಳುನಾಡು ಮಾತ್ರ 2009ರ ಸುತ್ತಿನ ವಿಸ್ತರಣೆಯಲ್ಲಿ ಭಾಗವಹಿಸಿದ್ದವು. ವಿಯೆಟ್ನಾಮಿನ ಹೆಚ್ಚಿನ ಅಂಕ ಎಲ್ಲೆಡೆ ಉಲ್ಲೇಖವಾಗುತ್ತದೆ. ಆದರೆ 2015ರಲ್ಲಿ ಅಲ್ಲಿಯ ಮಾದರಿ ಪ್ರತಿನಿಧಿಸಿದ್ದು 15 ವರ್ಷದವರಲ್ಲಿ ಸುಮಾರು ಅರ್ಧದಷ್ಟು ಮಕ್ಕಳನ್ನು. ಈ ವ್ಯಾಪ್ತಿ ಸೂಚ್ಯಂಕ ವರದಿಯ ಅನುಬಂಧದಲ್ಲಿರುತ್ತದೆ, ಅಂಕಕ್ಕಿಂತ ಮೊದಲು ಅದನ್ನು ನೋಡಿ.

ಲೇಖನಗಳಿಗೆ ಅಮೆರಿಕದ ಶಿಕ್ಷಣ ಸಂಶೋಧನಾ ಸಂಗ್ರಹ ಎರಿಕ್ (ERIC) ಸಾಕಷ್ಟು ದೊಡ್ಡ ಕಣಜ, ಉಚಿತ ಕೂಡ. ‘ವಿಲೇಜ್ ಸ್ಕೂಲ್’ ಎಂದು ಹುಡುಕಿದರೆ ಬೇಡದ್ದೇ ಹೆಚ್ಚು ಬರುತ್ತದೆ. ಅಲ್ಲಿಯ ಪದಕೋಶದಲ್ಲಿ ನಮಗೆ ಬೇಕಾದ ವಿಷಯ ‘ಮಲ್ಟಿಗ್ರೇಡೆಡ್ ಕ್ಲಾಸಸ್’, ‘ಒನ್ ಟೀಚರ್ ಸ್ಕೂಲ್ಸ್’ ಎಂಬ ಹೆಸರಿನಲ್ಲಿದೆ. ಒಂದು ಒಳ್ಳೆಯ ಲೇಖನ ಸಿಕ್ಕಿದರೆ ಅದರ ಕೆಳಗಿನ ವಿಷಯಪದಗಳ ಮೇಲೆ ಒತ್ತುತ್ತ ಹೋಗಿ. ಪೂರ್ಣಪಾಠ ಇರುವುದು ಮಾತ್ರ ಬೇಕಿದ್ದರೆ ಆ ಗುರುತು ಹಾಕಿ. ಇಂಗ್ಲಿಷಿಗೇ ನಿಂತರೆ ಕೊಲಂಬಿಯಾದ ಬಗ್ಗೆ ಹೊರಗಿನವರು ಬರೆದದ್ದೇ ಹೆಚ್ಚು ಕೈಗೆ ಬರುತ್ತದೆ. 1970ರ ದಶಕದ ನಡುವೆ ಅಲ್ಲಿಯ ಹಳ್ಳಿಗಳಲ್ಲಿ ಶುರುವಾದ ‘ಎಸ್ಕ್ವೇಲಾ ನ್ವೇವಾ’ದಲ್ಲಿ ಸ್ವಕಲಿಕೆಯ ಕೈಪಿಡಿಗಳಿವೆ, ಮಗು ತನ್ನ ವೇಗದಲ್ಲಿ ಮುಂದೆ ಹೋಗುತ್ತದೆ. ನಮ್ಮ ಸರ್ಕಾರಿ ಶಾಲೆಗಳ ಕೆಳ ತರಗತಿಗಳ ನಲಿ-ಕಲಿ ಪದ್ಧತಿಯ ಕಲಿಕಾ ಏಣಿ ಗೊತ್ತಿರುವವರಿಗೆ ಅದನ್ನು ಓದಿದಾಗ ಪರಿಚಯದ ಮುಖ ಕಂಡಂತಾಗುತ್ತದೆ. ಇದರ ಸ್ಪ್ಯಾನಿಷ್ ಲೇಖನಗಳು ರೆಡಾಲಿಕ್, ಸೈಎಲೋ ಸಂಗ್ರಹಗಳಲ್ಲಿ ಉಚಿತವಾಗಿವೆ, ಯಂತ್ರಾನುವಾದದಲ್ಲಿ ಅರ್ಥ ಹಿಡಿಯಲು ಅಡ್ಡಿಯಿಲ್ಲ. ಜಪಾನಿನಲ್ಲಿ ದುರ್ಗಮ ಊರಿನ ಶಾಲೆಗಳಿಗೆಂದೇ 1954ರ ಕಾಯ್ದೆಯಿದೆ, ಅಲ್ಲಿಯ ಶಿಕ್ಷಕರಿಗೆ ವಿಶೇಷ ಭತ್ಯೆ ಕೊಡುವುದು ಅದರ ಪ್ರಕಾರವೇ. ದುರ್ಗಮ ಪ್ರದೇಶ ಎಂಬರ್ಥದ ‘ಹೆಕಿಚಿ’ ಪದದ ಜಪಾನಿ ಬರಹವನ್ನು ನಕಲು ಮಾಡಿ ಜಪಾನಿನ ಲೇಖನಗಳ ಸೈನಿ (CiNii) ಸಂಗ್ರಹದಲ್ಲಿ ಹಾಕಿದರೆ ಹೊಕ್ಕೈಡೋ ಶಿಕ್ಷಣ ವಿಶ್ವವಿದ್ಯಾಲಯದವರ ಕೆಲಸ ಸಿಗುತ್ತದೆ.

ಹಣ ಕೇಳುವ ನಿಯತಕಾಲಿಕೆಗಳಿಗೆ, ಸರ್ಕಾರಿ ಕಾಲೇಜಿನವರು 2025ರ ಜನವರಿಯಿಂದ ಜಾರಿಗೆ ಬಂದ ‘ಒಂದು ರಾಷ್ಟ್ರ ಒಂದು ಚಂದಾ’ ಯೋಜನೆಯಲ್ಲಿ ತಮ್ಮ ಸಂಸ್ಥೆ ನೋಂದಾಯಿಸಿದೆಯೇ ಎಂದು ಗ್ರಂಥಪಾಲಕರನ್ನು ಕೇಳಲಿ. 30 ಪ್ರಕಾಶಕರ ಸುಮಾರು 13,000 ನಿಯತಕಾಲಿಕೆಗಳು ಅದರಲ್ಲಿವೆ. ಅನುದಾನಿತ ಕಾಲೇಜಿನವರಿಗೆ ಎನ್-ಲಿಸ್ಟ್ ಎಂಬ ಕಾಲೇಜುಗಳ ಇ-ಗ್ರಂಥಾಲಯ ಸೇವೆ ದಾರಿ.

ಹೆಚ್ಚಿನವರು ತೆರೆಯದೆ ಬಿಡುವ ಆಕರವೊಂದಿದೆ: ವಿಶ್ವಬ್ಯಾಂಕಿನ ಯೋಜನಾ ಕಡತಗಳು. ಕೊಲಂಬಿಯಾದ ಮಾದರಿಯನ್ನು ವಿಯೆಟ್ನಾಂ ತನ್ನ ಶಾಲೆಗಳಿಗೆ ತಂದಾಗ ಆರಂಭದ ಅಂದಾಜು ವರದಿ, ಕೊನೆಯ ಪೂರ್ಣತಾ ವರದಿ ಎರಡೂ ಸಾರ್ವಜನಿಕವಾದವು. ಎರಡನ್ನೂ ಒಟ್ಟಿಗೆ ಓದಬೇಕು. ಶಿಕ್ಷಕರ ತರಬೇತಿ, ಪಾಲಕರ ಒಪ್ಪಿಗೆ ಎಲ್ಲಿ ಸಾಲದಾಯಿತು ಎಂಬಂಥ ಪ್ರಶ್ನೆಗಳಿಗೆ ಪ್ರಚಾರದ ಪುಸ್ತಿಕೆಗಿಂತ ಅಲ್ಲಿಯೇ ನೇರ ಉತ್ತರ ಹುಡುಕಬಹುದು.

ಹೋಲಿಕೆಯ ನಮ್ಮ ತುದಿಗೆ ಕೇಂದ್ರ ಶಿಕ್ಷಣ ಸಚಿವಾಲಯದ ಶಾಲಾ ಮಾಹಿತಿ ವ್ಯವಸ್ಥೆ ಯುಡೈಸ್ ಪ್ಲಸ್ ಬೇಕು. ಶಾಲಾವಾರು ವರದಿಯಲ್ಲಿ ಶಿಕ್ಷಕರ ಸಂಖ್ಯೆ ಇರುವುದರಿಂದ ಏಕೋಪಾಧ್ಯಾಯ ಶಾಲೆಗಳನ್ನು ಬೇರ್ಪಡಿಸಬಹುದು. ಜಿಲ್ಲೆ ಆರಿಸುವಾಗ ಎಚ್ಚರ: ಶಿಕ್ಷಣ ಇಲಾಖೆಗೆ ನಮ್ಮ ಉತ್ತರ ಕನ್ನಡ ಎರಡು ಜಿಲ್ಲೆ. ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರ, ಭಟ್ಕಳ ‘ಉತ್ತರ ಕನ್ನಡ’ದಲ್ಲಿ ಬರುತ್ತವೆ, ಜೋಯಿಡಾ, ಹಳಿಯಾಳ, ಯಲ್ಲಾಪುರ, ಮುಂಡಗೋಡ, ಶಿರಸಿ, ಸಿದ್ದಾಪುರ ‘ಉತ್ತರ ಕನ್ನಡ ಶಿರಸಿ’ಯಲ್ಲಿ. ಮೊದಲನೆಯದನ್ನಷ್ಟೇ ಒತ್ತಿದರೆ ಕಾಡಿನ ಶಾಲೆಗಳೇ ಲೆಕ್ಕದಿಂದ ಹೊರಗುಳಿಯುತ್ತವೆ. 2022-23ರಿಂದ ಮಗುವಾರು ದಾಖಲೆ ಶುರುವಾಗಿರುವುದರಿಂದ ಅದರ ಹಿಂದಿನ ವರ್ಷಗಳ ದಾಖಲಾತಿ ಸಂಖ್ಯೆಯನ್ನು ಅದೇ ಗೆರೆಯಲ್ಲಿ ಮುಂದುವರಿಸಬಾರದು, ಗ್ರಾಫಿನಲ್ಲಿ ಅಲ್ಲಿ ಗೆರೆ ಕಡಿದು ಅಡಿಟಿಪ್ಪಣಿ ಹಾಕಿ.