ಅಪ್ಪನ 131, ಮಗನ 3.4

ಹೊರದೇಶದಲ್ಲಿರುವ ಮಗ ‘ನನ್ನ ಎಲ್‌ಡಿಎಲ್ (ಕೆಟ್ಟ ಕೊಲೆಸ್ಟ್ರಾಲ್) ಬರೀ 3.4’ ಅಂದರೆ ಊರಲ್ಲಿರುವ ಅಪ್ಪ ತನ್ನ 131 ನೋಡಿ ಗಾಬರಿಯಾಗುತ್ತಾರೆ. ಆದರೆ ಎರಡೂ ಒಂದೇ. ಬ್ರಿಟನ್, ಕೆನಡಾ, ಆಸ್ಟ್ರೇಲಿಯಾದ ಲ್ಯಾಬ್‌ಗಳು ಲೀಟರಿಗೆ ಇಷ್ಟು ಮಿಲಿಮೋಲ್ ಎಂದು ಬರೆಯುತ್ತವೆ, ಭಾರತ ಮತ್ತು ಅಮೆರಿಕದವು ಡೆಸಿಲೀಟರಿಗೆ ಇಷ್ಟು ಮಿಲಿಗ್ರಾಂ ಎಂದು. ಕೊಲೆಸ್ಟ್ರಾಲ್ ಆದರೆ ಮಿಲಿಮೋಲ್ ಅಂಕಿಯನ್ನು 38.67ರಿಂದ ಗುಣಿಸಿ, ರಕ್ತದ ಇನ್ನೊಂದು ಕೊಬ್ಬಾದ ಟ್ರೈಗ್ಲಿಸರೈಡ್ ಆದರೆ 88.57ರಿಂದ.

ಕೊಲೆಸ್ಟ್ರಾಲ್ ರಕ್ತನಾಳವನ್ನು ಕಟ್ಟುವುದು ಪೈಪಿನಲ್ಲಿ ಜಿಡ್ಡು ಅಂಟಿದಂತೆ ಎನ್ನುವ ವಿವರಣೆ ಅರ್ಧ ಮಾತ್ರ ನಿಜ. ಎಲ್‌ಡಿಎಲ್ ಕಣಗಳು ಅಪಧಮನಿಯ ಒಳಪದರ ದಾಟಿ ಗೋಡೆಯೊಳಗೇ ಸೇರುತ್ತವೆ. ಅವನ್ನು ನುಂಗಿದ ರಕ್ಷಣಾ ಕೋಶಗಳು ಅಲ್ಲೇ ಉಬ್ಬಿ ಸಾಯುತ್ತವೆ, ಮೇಲೆ ನಾರಿನ ಹೊದಿಕೆ ಬೆಳೆಯುತ್ತದೆ, ವರ್ಷಗಳು ಕಳೆದಂತೆ ಸುಣ್ಣ ಕಟ್ಟುತ್ತದೆ. ಆ ಹೊದಿಕೆ ತೆಳುವಾಗಿ ಹರಿದರೆ ನಿಮಿಷಗಳಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ನಾಳ ಅರ್ಧವೂ ಮುಚ್ಚದ ಜಾಗದಲ್ಲೂ ಹೀಗಾಗಬಹುದು. ಅದಕ್ಕೇ ಟ್ರೆಡ್‌ಮಿಲ್ ಪರೀಕ್ಷೆ ಸರಿಯಾಗಿ ಬಂತೆಂದು ಮೈಮರೆಯಬಾರದು. ನಡೆದಾಗ ಮೀನಖಂಡ ಹಿಡಿದುಕೊಂಡು, ನಿಂತರೆ ಬಿಡುವ ನೋವನ್ನು ವಯಸ್ಸಿನ ತಲೆಗೆ ಕಟ್ಟಬೇಡಿ. ಅದು ಕಾಲಿನ ನಾಳ ಕಿರಿದಾದ ಗುರುತಿರಬಹುದು.

ನಾಳದ ಗೋಡೆಗೆ ಪೆಟ್ಟು ಕೊಡುವವು ಹೊಗೆ, ಬಿಪಿ ಮತ್ತು ಸಕ್ಕರೆ ಕಾಯಿಲೆ. ತಂಬಾಕನ್ನು ಕಡಿಮೆ ಮಾಡಿದರೆ ಸಾಲದು, ಪೂರ್ತಿ ಬಿಡಬೇಕು. ಉಪ್ಪು ದಿನಕ್ಕೆ 5 ಗ್ರಾಂ, ಅಂದರೆ ಒಂದು ಸಣ್ಣ ಚಮಚದೊಳಗಿರಲಿ. ವಾರಕ್ಕೆ 150 ನಿಮಿಷ ಬಿರುಸಾಗಿ ನಡೆಯಿರಿ, ಮಾತಾಡಲು ಆಗಬೇಕು, ಹಾಡಲು ಆಗಬಾರದು, ಅಷ್ಟು ವೇಗ. ಮನೆಯಲ್ಲಿ ಬಿಪಿ ನೋಡುವಾಗ ಅವಸರ ಮಾಡಿದರೆ ಅಂಕಿ ಸುಳ್ಳು ಹೇಳುತ್ತದೆ. ಮೂತ್ರಕ್ಕೆ ಹೋಗಿಬಂದು, ಬೆನ್ನಿಗೆ ಆಸರೆ ಕೊಟ್ಟು, ಪಾದ ನೆಲಕ್ಕೂರಿ 5 ನಿಮಿಷ ಸುಮ್ಮನೆ ಕೂತು, ತೋಳನ್ನು ಎದೆಯ ಮಟ್ಟದಲ್ಲಿಟ್ಟು, ನಿಮಿಷದ ಅಂತರದಲ್ಲಿ ಎರಡು ಸಲ ನೋಡಿ.

ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆ ಶುರುವಾದ ಮೇಲೆ ‘ಕೊಲೆಸ್ಟ್ರಾಲ್ ಇಳಿಯಿತಲ್ಲ’ ಎಂದು ತಾವೇ ನಿಲ್ಲಿಸುವುದು ನಮಗೆ ಅತಿ ಸಂಕಟ ತರುವ ತಪ್ಪು. ಇಳಿದದ್ದೇ ಮಾತ್ರೆಯಿಂದ, ಬಿಟ್ಟರೆ ಕೆಲವೇ ವಾರಗಳಲ್ಲಿ ಮತ್ತೆ ಏರುತ್ತದೆ. ಮೈಕೈ ನೋವು ಬಂದರೆ ವೈದ್ಯರಿಗೆ ಹೇಳಿ, ಪ್ರಮಾಣವನ್ನೋ ಮಾತ್ರೆಯನ್ನೋ ಬದಲಿಸಬಹುದು.

ಎಲ್‌ಡಿಎಲ್‌ನಂಥದೇ ಇನ್ನೊಂದು ಕಣವಾದ ಲೈಪೊಪ್ರೋಟೀನ್-ಎ ಪರೀಕ್ಷೆಯನ್ನು ಜೀವನದಲ್ಲಿ ಒಮ್ಮೆಯಾದರೂ ಮಾಡಿಸಿ. ಇದು ಬಹುಪಾಲು ಹುಟ್ಟಿನಿಂದಲೇ ಬರುವಂಥದ್ದು. ಡೆಸಿಲೀಟರಿಗೆ 50 ಮಿಲಿಗ್ರಾಂ ಅಥವಾ ಲೀಟರಿಗೆ 125 ನ್ಯಾನೊಮೋಲ್ ಮೀರಿದರೆ ಹೆಚ್ಚು. ಇಲ್ಲಿ ಗುಣಿಸಿ ಪರಿವರ್ತಿಸಲು ಹೋಗಬೇಡಿ, ಕಣದ ಗಾತ್ರ ಒಬ್ಬೊಬ್ಬರಲ್ಲಿ ಬೇರೆ. ಒಬ್ಬರಿಗೆ ಹೆಚ್ಚು ಬಂದರೆ ಒಡಹುಟ್ಟಿದವರಿಗೂ ಮಕ್ಕಳಿಗೂ ಫೋನ್ ಮಾಡಿ ತಿಳಿಸಿ, ಅವರು ಯಾವ ದೇಶದಲ್ಲಿದ್ದರೂ.